ಪವರ್ ನೋಡಬೇಡಿ, ಬಾಯಿ ನೋಡಿ: ತಾರಸಿಗೆ ಮೊದಲ ಟೆಲಿಸ್ಕೋಪು ಕೊಳ್ಳುವ ಮುನ್ನ

ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಒಂದು ಟೆಲಿಸ್ಕೋಪು ತಂದಿದ್ದೆ. ಡಬ್ಬದ ಮೇಲೆ ಬಣ್ಣಬಣ್ಣದ ಶನಿ ಗ್ರಹ. ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ '525 ಪವರ್'. ಅವತ್ತು ರಾತ್ರಿ ತುಮಕೂರಿನ ನಮ್ಮ ಮನೆಯ ತಾರಸಿ ಮೇಲೆ ಎಲ್ಲರೂ ಸೇರಿದ್ದೆವು. ನನ್ನ ಅಮ್ಮ ಕೂಡ ಮಂಡಿ ನೋವಿನಲ್ಲೇ ಮೆಟ್ಟಿಲು ಹತ್ತಿ ಬಂದಿದ್ದರು. ಚಂದ್ರ ಎದುರಿಗೇ ಇದ್ದ. ಮುಕ್ಕಾಲು ಗಂಟೆ ಹೆಣಗಿದೆವು. ಸ್ಟ್ಯಾಂಡಿನ ಕಾಲುಗಳು ಕೈಬೆರಳಿನಷ್ಟು ಸಣ್ಣ. ಸ್ವಲ್ಪ ಕೈ ತಾಗಿದರೂ ಚಂದ್ರ ಗಡಗಡ ನಡುಗಿ ಜಾರಿ ಹೋಗುತ್ತಿದ್ದ. ಒಂದೆರಡು ಸಲ ಸಿಕ್ಕಾಗಲೂ ನೀರು ಬೆರೆಸಿದ ಹಾಲಿನ ಥರ ಮಸುಕು. ಮಗಳು "ಇರ್ಲಿ ಬಿಡಪ್ಪ, ನಾಳೆ ನೋಡೋಣ" ಎಂದು ಕೆಳಗಿಳಿದಳು. ಮರುದಿನ ಅವಳು ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ.

ಅದು ನನಗೆ ಬಹಳ ದಿನ ಚುಚ್ಚಿತು. ಆಕಾಶದ ಮೇಲೆ ಆಸೆ ಹುಟ್ಟಿದ ಮಗುವಿಗೆ ಆ ಆಸೆಯನ್ನು ಕೊಲ್ಲುವ ವಸ್ತುವನ್ನೇ ತಂದುಕೊಟ್ಟೆ ಅಂತ. ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥ ಡಬ್ಬಗಳಿವೆ. ಅದಕ್ಕೇ ಆಮೇಲಿನ ವರ್ಷಗಳಲ್ಲಿ ನೋಡಿ, ಕೇಳಿ, ಕೈಯಾರೆ ಬಳಸಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ದುಡ್ಡು ಎಷ್ಟಿದೆ ಎನ್ನುವುದಕ್ಕಿಂತ ಅದನ್ನು ಯಾವುದರ ಮೇಲೆ ಹಾಕುತ್ತೀರಿ ಎನ್ನುವುದು ಮುಖ್ಯ.

525 ಎಲ್ಲಿಂದ ಬಂತು?

ಟೆಲಿಸ್ಕೋಪು ಕೊಳ್ಳುವವರಿಗೆ ಬೇಕಾದ ಲೆಕ್ಕ ಒಂದೇ, ಅದೂ ಭಾಗಾಕಾರ. ಕೊಳವೆಯ ಮೇಲೆ ಎರಡು ಅಂಕಿ ಬರೆದಿರುತ್ತಾರೆ. ನಮ್ಮದರ ಮೇಲೆ 60 ಮಿ.ಮೀ. ಮತ್ತು 700 ಮಿ.ಮೀ. ಅಂತ ಇತ್ತು. 60 ಅಂದರೆ ಮುಂದಿನ ಲೆನ್ಸಿನ ಅಗಲ. 700 ಅಂದರೆ ಶಾಲೆಯಲ್ಲಿ ಓದಿದ ಸಂಗಮದೂರ: ಆ ಲೆನ್ಸು ದೂರದ ಬೆಳಕನ್ನು ಒಂದು ಕಡೆ ಕೂಡಿಸಲು ಬೇಕಾದ ದೂರ. ನಾವು ಕಣ್ಣಿಡುವ ಕಡೆ ಒಂದು ಪುಟ್ಟ ಲೆನ್ಸು ಇರುತ್ತದೆ. ಅದಕ್ಕೆ ಐಪೀಸ್ ಅನ್ನುತ್ತಾರೆ. ಅದಕ್ಕೂ ತನ್ನದೇ ಸಂಗಮದೂರ ಇದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಬರುವುದೇ ಪವರ್.

ನಮ್ಮ ಡಬ್ಬದಲ್ಲಿ 20 ಮಿ.ಮೀ. ಐಪೀಸ್ ಇತ್ತು. 700 ಭಾಗಿಸು 20, ಅಂದರೆ 35 ಪಟ್ಟು. 4 ಮಿ.ಮೀ.ದೂ ಒಂದಿತ್ತು. 700 ಭಾಗಿಸು 4, ಅಂದರೆ 175 ಪಟ್ಟು. ಜೊತೆಗೆ ಪವರನ್ನು ಮೂರು ಪಟ್ಟು ಹೆಚ್ಚಿಸುವ ಒಂದು ಬಾರ್ಲೋ ಲೆನ್ಸು. 175ನ್ನು 3ರಿಂದ ಗುಣಿಸಿ. ಸಿಕ್ಕಿತಲ್ಲ, 525!

ಲೆಕ್ಕ ಸರಿಯಾಗೇ ಇದೆ. ಆ ಪವರಿನಲ್ಲಿ ಏನಾದರೂ ಕಾಣುತ್ತದಾ ಎನ್ನುವುದನ್ನು ಮಾತ್ರ ಡಬ್ಬ ಹೇಳುವುದಿಲ್ಲ.

ದೋಸೆ ಹಾಕುವಾಗ ನೋಡಿ. ಒಂದು ಸೌಟು ಹಿಟ್ಟನ್ನು ಅಂಗೈ ಅಗಲಕ್ಕೆ ಹರಡಿದರೆ ದೋಸೆ ದಪ್ಪಗಿರುತ್ತದೆ. ಅದೇ ಹಿಟ್ಟನ್ನು ಕಾವಲಿ ತುಂಬ ಎಳೆದರೆ ಕಾಗದದಂತೆ ತೆಳು. ಇನ್ನೂ ಎಳೆದರೆ ಹರಿದು ತೂತಾಗುತ್ತದೆ. ಪವರ್ ಹೆಚ್ಚಿಸುವುದೂ ಹೀಗೇ. ಟೆಲಿಸ್ಕೋಪಿನೊಳಗೆ ಬಂದ ಬೆಳಕು ಅಷ್ಟೇ. ಅದನ್ನೇ ಅಗಲಕ್ಕೆ ಎಳೆಯುತ್ತಾ ಹೋದರೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೇ ಮಂಕಾಗುತ್ತದೆ, ಅಂಚು ಕರಗುತ್ತದೆ.

ಹಾಗಾದರೆ ಹಿಟ್ಟು ಜಾಸ್ತಿ ಸಿಗುವುದು ಹೇಗೆ? ಬಾಯಿ ಅಗಲ ಇದ್ದರೆ. ಮಳೆ ಬರುವಾಗ ಅಂಗಳದಲ್ಲಿ ಒಂದು ಚೊಂಬು, ಒಂದು ಹಂಡೆ ಇಟ್ಟಿದ್ದೀರಿ ಅನ್ನಿ. ಸುರಿಯುವ ಮಳೆ ಎರಡಕ್ಕೂ ಒಂದೇ. ಹಂಡೆಯಲ್ಲಿ ನೀರು ಜಾಸ್ತಿ ಸೇರುವುದು ಅದರ ಬಾಯಿ ಅಗಲ ಇರುವುದರಿಂದ. ನಕ್ಷತ್ರದ ಬೆಳಕೂ ಹಾಗೆ ಸುರಿಯುತ್ತಲೇ ಇರುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಸುಮಾರು 7 ಮಿ.ಮೀ. ಅಗಲ ತೆರೆದುಕೊಳ್ಳುತ್ತದೆ. 50 ಮಿ.ಮೀ. ಲೆನ್ಸು ಅದರ 50 ಪಟ್ಟು ಬೆಳಕು ಹಿಡಿಯುತ್ತದೆ. 150 ಮಿ.ಮೀ. ಕನ್ನಡಿ (ಕೆಲವು ಟೆಲಿಸ್ಕೋಪುಗಳಲ್ಲಿ ಲೆನ್ಸಿನ ಬದಲು ಕನ್ನಡಿ ಇರುತ್ತದೆ) ಸುಮಾರು 450 ಪಟ್ಟು. ಅಗಲ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟು ಎನ್ನುವುದು ಇದರ ಗುಟ್ಟು. ಬಾಯಿ ಅಗಲವಾದಷ್ಟೂ ಸೂಕ್ಷ್ಮ ವಿವರಗಳು ಬಿಡಿಸಿ ಕಾಣುತ್ತವೆ ಕೂಡ.

ಒಂದು ಅಂದಾಜು ನೆನಪಿಡಿ. ಬಾಯಿ ಎಷ್ಟು ಮಿಲಿಮೀಟರೋ, ಅದರ ಎರಡು ಪಟ್ಟಿನವರೆಗೆ ಪವರ್ ಉಪಯೋಗಕ್ಕೆ ಬರುತ್ತದೆ. 60 ಮಿ.ಮೀ. ಅಂದರೆ 120. ಅಲ್ಲಿಂದ ಮುಂದೆ ಸುಮ್ನೆ ಎಳೆದ ದೋಸೆ. ದೊಡ್ಡ ಟೆಲಿಸ್ಕೋಪಿನಲ್ಲೂ ನಮ್ಮ ಗಾಳಿ ಬಹುಪಾಲು ರಾತ್ರಿಗಳಲ್ಲಿ 200 ಪಟ್ಟಿನಾಚೆ ಹೋಗಲು ಬಿಡುವುದಿಲ್ಲ.

ಇನ್ನೊಂದು ವಿಷಯವನ್ನು ಡಬ್ಬ ಹೇಳುವುದಿಲ್ಲ. ಭೂಮಿ ತಿರುಗುತ್ತಿದೆ ಅಲ್ವಾ? ಗಂಟೆಗೆ 15 ಡಿಗ್ರಿ. ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಎರಡು ನಿಮಿಷಕ್ಕೆ ಚಂದ್ರ ತನ್ನ ಅಗಲದಷ್ಟು ಸರಿಯುತ್ತಾನೆ. 35 ಪವರಿನಲ್ಲಿ ಒಂದು ಗ್ರಹ ಸುಮಾರು ಐದು ನಿಮಿಷ ಕಣ್ಣೆದುರು ಇರುತ್ತದೆ. 525ರಲ್ಲಿ ಬರೀ ಇಪ್ಪತ್ತು ಸೆಕೆಂಡು. ನಡುಗುವ ಸ್ಟ್ಯಾಂಡು ತಣ್ಣಗೆ ನಿಲ್ಲುವುದರೊಳಗೆ ಶನಿ ಹೊರಟುಹೋಗಿರುತ್ತಾನೆ. ನಮ್ಮ ತಾರಸಿಯಲ್ಲಿ ಅವತ್ತು ಆಗಿದ್ದು ಇದೇ.

ಮೊದಲ ಕೆಲವು ವಾರ ಬರಿಗಣ್ಣು

ಏನೂ ಕೊಳ್ಳದೆ ಶುರು ಮಾಡಿ. ಆಕಾಶದಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಟೆಲಿಸ್ಕೋಪನ್ನೂ ಎತ್ತ ತಿರುಗಿಸಬೇಕು ತಿಳಿಯುವುದಿಲ್ಲ. ಸ್ಟೆಲೇರಿಯಂ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಫೋನನ್ನು ಆಕಾಶದ ಕಡೆ ಹಿಡಿದರೆ ಹೆಸರು ತೋರಿಸುತ್ತದೆ. ಫೋನಿನ ಬೆಳಕನ್ನು ಕೆಂಪಾಗಿಸಿಕೊಳ್ಳಿ. ಟಾರ್ಚಿನ ಬಾಯಿಗೂ ಗಾಳಿಪಟದ ಕೆಂಪು ಹಾಳೆಯನ್ನು ಎರಡು ಪದರ ಕಟ್ಟಿ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ಒಂದು ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ ಶುರು. ಮಂದವಾದ ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ.

ಹೆಸರುಗಳು ನಮಗೆ ಹೊಸದಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಮಖೆ, ಚಿತ್ತೆ, ಸ್ವಾತಿ. ಎಲ್ಲವೂ ಮಳೆಯ ಹೆಸರಾಗಿ ನಾವು ಕೇಳಿದ್ದೇ. ಇಲ್ಲೊಂದು ಸೊಗಸಿದೆ. ಜೂನ್ ಕೊನೆಗೆ ಆರಿದ್ರ ಮಳೆ ಅನ್ನುತ್ತೇವಲ್ಲ, ಆಗ ಸೂರ್ಯ ಇರುವುದೇ ಆರಿದ್ರ ನಕ್ಷತ್ರದ ದಿಕ್ಕಿನಲ್ಲಿ. ಹಾಗಾಗಿ ಮೋಡ ಇಲ್ಲದಿದ್ದರೂ ಆ ದಿನಗಳಲ್ಲಿ ಆರಿದ್ರ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾದು ಡಿಸೆಂಬರ್, ಜನವರಿಯ ಸಂಜೆ ಪೂರ್ವಕ್ಕೆ ತಿರುಗಬೇಕು. ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವುದೇ ಅದು. ಮಳೆಗಾಲದಲ್ಲಿ ಹೆಸರು, ಚಳಿಗಾಲದಲ್ಲಿ ದರ್ಶನ. ಹೇಗೂ ನಮ್ಮಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಆಕಾಶ ಚೆನ್ನಾಗಿರುತ್ತದೆ. ಟೆಲಿಸ್ಕೋಪನ್ನು ಜೂನಿನಲ್ಲಿ ಕೊಂಡರೆ ಮೂರು ತಿಂಗಳು ಡಬ್ಬದಲ್ಲೇ ಇರುತ್ತದೆ.

ಮೊದಲ ಖರ್ಚು ಬೈನಾಕ್ಯುಲರ್ ಮೇಲೆ

ಕೈಯಲ್ಲಿ ಹತ್ತು ಸಾವಿರದ ಒಳಗೆ ಇದ್ದರೆ ಟೆಲಿಸ್ಕೋಪು ಬೇಡವೇ ಬೇಡ, ಬೈನಾಕ್ಯುಲರ್ ತೆಗೆದುಕೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ. ಆ ದುಡ್ಡಿಗೆ ಸಿಗುವ ಟೆಲಿಸ್ಕೋಪಿನ ಸ್ಟ್ಯಾಂಡು ಸಾಮಾನ್ಯವಾಗಿ ಬಡಕಲು. ಅದೇ ದುಡ್ಡಿಗೆ ಒಳ್ಳೆಯ ಬೈನಾಕ್ಯುಲರ್ ಬರುತ್ತದೆ. ಎರಡು ಕಣ್ಣಿಂದ ನೋಡಬಹುದು. ಚಿತ್ರ ತಲೆಕೆಳಗಾಗುವುದಿಲ್ಲ. ಆಕಾಶದ ಆಸಕ್ತಿ ಹೋದರೂ ಹಕ್ಕಿ ನೋಡಲು, ಕ್ರಿಕೆಟ್ ನೋಡಲು ಆಗುತ್ತದೆ.

ಅದರ ಮೇಲೆ 10×50 ಅಂತ ಬರೆದಿರುತ್ತದೆ. 10 ಅಂದರೆ ಪವರ್, 50 ಅಂದರೆ ಬಾಯಿಯ ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 5 ಬಂತು. ಹಿಂದಿನಿಂದ ಹೊರಬರುವ ಬೆಳಕಿನ ಕಂಬಿಯ ದಪ್ಪ 5 ಮಿ.ಮೀ. ಅಂತ ಅರ್ಥ. 7×50ರಲ್ಲಿ ಅದು 7 ಮಿ.ಮೀ. ವಯಸ್ಸಾದಂತೆ ಕಣ್ಣಿನ ಪಾಪೆ ಅಷ್ಟು ಅಗಲ ತೆರೆಯುವುದಿಲ್ಲ. ಐವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ 5 ಮಿ.ಮೀ. ಸಾಕು, ಮಿಕ್ಕ ಬೆಳಕು ಕಣ್ಣೊಳಗೆ ಹೋಗದೆ ವ್ಯರ್ಥ. ಊರಿನ ದೀಪದ ಬೆಳಕಿನ ನಡುವೆ ಕೂಡ 10×50ರಲ್ಲಿ ಹಿನ್ನೆಲೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಹಾಗಾಗಿ ದೊಡ್ಡವರಿಗೆ 10×50. ಮಕ್ಕಳಿಗೆ ಅಥವಾ ಕೈ ಬೇಗ ಸೋಲುವವರಿಗೆ 8×42 ಹಗುರ. 15×70, 20×80 ಚೆನ್ನಾಗಿವೆ, ಆದರೆ ಕೈಯಲ್ಲಿ ಹಿಡಿದು ನೋಡಲಾಗದು, ಟ್ರೈಪಾಡ್ ಬೇಕೇ ಬೇಕು. ಜೂಮ್ ಇರುವುದು ಬೇಡ. ಮುಂದಿನ ಗಾಜು ಕೆಂಪಗೆ ಮಿಂಚುವುದು ಖಂಡಿತ ಬೇಡ. ಒಳ್ಳೆಯ ಲೇಪನ ಹಸಿರು ಅಥವಾ ನೇರಳೆ ಛಾಯೆಯಲ್ಲಿ ಮಂದವಾಗಿ ಕಾಣುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ಹೊರಗೆ ಬಂದು ದೂರದ ಮೊಬೈಲ್ ಟವರಿನ ತುದಿಯನ್ನೋ ತೆಂಗಿನ ಗರಿಯನ್ನೋ ನೋಡಿ. ಎರಡೆರಡು ಕಂಡರೆ, ಅಥವಾ ಐದು ನಿಮಿಷದಲ್ಲಿ ಹಣೆ ನೊಂದರೆ, ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿಲ್ಲ ಎಂದರ್ಥ. ಹಾಗೇ ಇಟ್ಟು ಬನ್ನಿ. ಆಮೇಲೆ ಅದನ್ನು ಒಂದು ಅಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಐಪೀಸಿನಲ್ಲಿ ಬೆಳಕಿನ ಎರಡು ಪುಟ್ಟ ಬಿಲ್ಲೆ ಕಾಣುತ್ತವೆ. ಅವು ಪೂರ್ತಿ ದುಂಡಗಿದ್ದರೆ ಒಳಗಿನ ಪಟ್ಟಕ ಒಳ್ಳೆಯದು. ಅಂಚು ಕತ್ತರಿಸಿದಂತೆ, ಚೌಕಾಕಾರಕ್ಕೆ ಹೊರಳಿದ್ದರೆ ಅಗ್ಗದ ಗಾಜು.

ಫೋಕಸ್ ಮಾಡುವುದನ್ನು ತುಂಬ ಜನ ಅರ್ಧಕ್ಕೇ ಬಿಡುತ್ತಾರೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ನಕ್ಷತ್ರ ಚುಕ್ಕಿಯಾಗುವಂತೆ ಮಾಡಿ. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲ ಐಪೀಸಿನ ಸುತ್ತಲಿನ ಉಂಗುರವನ್ನು ತಿರುಗಿಸಿ. ಊದಿಕೊಂಡಿದ್ದ ನಕ್ಷತ್ರ ಕುಗ್ಗಿ ಕುಗ್ಗಿ ಸೂಜಿ ಮೊನೆಯಾಗುತ್ತದೆ. ಎರಡೂ ಕಣ್ಣು ತೆರೆಯಿರಿ. ಆಕಾಶಕ್ಕೆ ಒಮ್ಮೆಲೇ ಆಳ ಬಂದಂತೆ ಅನಿಸುತ್ತದೆ.

ನಿಂತು ನೋಡಬೇಡಿ. ತಾರಸಿ ಮೇಲೆ ಚಾಪೆ ಹಾಸಿ, ತಲೆದಿಂಬು ಇಟ್ಟು ಮಲಗಿ. ಇಲ್ಲವೇ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು, ಮೊಣಕೈಯನ್ನು ಮಂಡಿಗೆ ಊರಿ. ಕೈ ನಡುಗದಿದ್ದರೆ ಗುರುವಿನ ಪಕ್ಕದಲ್ಲಿ ಸಾಲಾಗಿ ಪುಟ್ಟ ಚುಕ್ಕಿಗಳು ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಚಂದ್ರರು. ಮರುದಿನ ನೋಡಿದರೆ ಜಾಗ ಬದಲಾಗಿರುತ್ತದೆ.

ಬೈನಾಕ್ಯುಲರಿನ ನಿಜವಾದ ಬಲ ಅಗಲ ನೋಟ. 10×50ರಲ್ಲಿ ಆರು ಡಿಗ್ರಿಗೂ ಹೆಚ್ಚು ಆಕಾಶ ಒಟ್ಟಿಗೇ ಕಾಣುತ್ತದೆ, ಹನ್ನೆರಡು ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು. ಕೃತ್ತಿಕೆಯನ್ನು ನೋಡಿ. ಬರಿಗಣ್ಣಿಗೆ ಆರೇಳು ಚುಕ್ಕಿಯ ಗೊಂಚಲು. ಬೈನಾಕ್ಯುಲರಿನಲ್ಲಿ ಹತ್ತಾರು ನೀಲಿ ಹರಳು ಚೆಲ್ಲಿದಂತೆ. ದೊಡ್ಡ ಟೆಲಿಸ್ಕೋಪಿನಲ್ಲಿ ಗೊಂಚಲು ಪೂರ್ತಿ ಹಿಡಿಸುವುದೇ ಕಷ್ಟ. 2024ರ ಅಕ್ಟೋಬರಿನಲ್ಲಿ ಬಂದ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನು ಬಾಲದ ಸಮೇತ ನೋಡಲೂ ಇಂಥ ಅಗಲ ನೋಟವೇ ಬೇಕಿತ್ತು.

ದಕ್ಷಿಣದಲ್ಲಿರುವ ನಮಗೆ ಒಂದು ಉಡುಗೊರೆಯೂ ಇದೆ. ಏಪ್ರಿಲ್, ಮೇ ತಿಂಗಳ ರಾತ್ರಿ ದಕ್ಷಿಣಕ್ಕೆ ತಿರುಗಿ, ದಿಗಂತದಿಂದ ಮೂವತ್ತು ಡಿಗ್ರಿಯಷ್ಟು ಮೇಲೆ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗಳ ಗೊಂಚಲನ್ನು ಹುಡುಕಿ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ, ಹಾಗೆ ಮೂರು ಮುಷ್ಟಿ. ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆಯಂತೆ ಕಾಣುವ ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಇಂಗ್ಲೆಂಡಿನಲ್ಲಿ ಕೂತವರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ.

ಟೆಲಿಸ್ಕೋಪಿಗೆ ದುಡ್ಡು ಕೂಡಿಟ್ಟ ಮೇಲೆ

ಟೆಲಿಸ್ಕೋಪಿನಲ್ಲಿ ಎರಡು ದಾರಿ. ಲೆನ್ಸಿನದು, ಕನ್ನಡಿಯದು. ಲೆನ್ಸಿನದು ಗಟ್ಟಿಮುಟ್ಟು, ಆರೈಕೆ ಕಮ್ಮಿ. ಅಗ್ಗದ್ದರಲ್ಲಿ ಚಂದ್ರನ ಅಂಚಿಗೆ ನೇರಳೆ ಗೆರೆ ಕಾಣುತ್ತದೆ, ಏಕೆಂದರೆ ಲೆನ್ಸು ಎಲ್ಲ ಬಣ್ಣವನ್ನೂ ಒಂದೇ ಕಡೆ ಕೂಡಿಸುವುದಿಲ್ಲ. ಬಾಯಿ ದೊಡ್ಡದಾದರೆ ಬೆಲೆ ಗಗನಕ್ಕೇರುತ್ತದೆ. ಕನ್ನಡಿಯಲ್ಲಿ ಆ ಬಣ್ಣದ ತಾಪತ್ರಯ ಇಲ್ಲ. ಐಸಾಕ್ ನ್ಯೂಟನ್ 1668ರಲ್ಲಿ ಕನ್ನಡಿಯ ಟೆಲಿಸ್ಕೋಪು ಕಟ್ಟಿದ್ದೂ ಅದಕ್ಕೇ. ಒಂದು ರೂಪಾಯಿಗೆ ಎಷ್ಟು ಮಿಲಿಮೀಟರ್ ಬಾಯಿ ಸಿಗುತ್ತದೆ ಎಂದು ನೋಡಿದರೆ ಕನ್ನಡಿಯೇ ಗೆಲ್ಲುತ್ತದೆ. ಆಗಾಗ ಅದನ್ನು ನೇರ ಮಾಡಿಕೊಳ್ಳಬೇಕು, ಅಷ್ಟೇ. ಹಿಂದೆ ಮೂರು ತಿರುಪು ಇರುತ್ತವೆ. ಒಂದೆರಡು ಸಲ ಮಾಡಿದರೆ ಐದು ನಿಮಿಷದ ಕೆಲಸ.

ಆದರೆ ಜನ ಎಡವುವುದು ಕೊಳವೆಯಲ್ಲಲ್ಲ, ಅದನ್ನು ಹೊರುವ ಸ್ಟ್ಯಾಂಡಿನಲ್ಲಿ. ಅಂಗಡಿಯಲ್ಲಿ ತೂಕದ ಗುಂಡು ನೇತುಹಾಕಿದ, ಚಕ್ರ, ಕಂಬಿಗಳಿರುವ ಸ್ಟ್ಯಾಂಡು ಬಹಳ ವೈಜ್ಞಾನಿಕವಾಗಿ ಕಾಣುತ್ತದೆ. ಇಕ್ವಟೋರಿಯಲ್ ಅನ್ನುತ್ತಾರೆ. ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿ ಇಟ್ಟರೆ ಆಕಾಶದ ತಿರುಗುವಿಕೆಯನ್ನು ಸುಲಭವಾಗಿ ಹಿಂಬಾಲಿಸುತ್ತದೆ. ಒಳ್ಳೆಯ ಉಪಾಯ. ಆದರೆ ಧ್ರುವ ನಮ್ಮಲ್ಲಿ ಎಷ್ಟು ಎತ್ತರದಲ್ಲಿದೆ? ಊರಿನ ಅಕ್ಷಾಂಶ ಎಷ್ಟೋ ಅಷ್ಟು. ಬೆಂಗಳೂರು, ತುಮಕೂರು, ಮಂಗಳೂರಲ್ಲಿ 13 ಡಿಗ್ರಿ. ಬೀದರಿನಲ್ಲೂ 18. ಮುಷ್ಟಿಯ ಲೆಕ್ಕದಲ್ಲಿ 13 ಡಿಗ್ರಿ ಅಂದರೆ ಒಂದೂಕಾಲು ಮುಷ್ಟಿ. ಪಕ್ಕದ ಮನೆಯ ಟ್ಯಾಂಕು, ಮರ, ಊರಿನ ಹೊಗೆ, ಇವುಗಳ ಹಿಂದೆ ಅದು ಕಾಣುವುದೇ ಅಪರೂಪ. ಅಕ್ಷವನ್ನು ಅಷ್ಟು ತಗ್ಗಿಸಿದಾಗ ಎಷ್ಟೋ ಅಗ್ಗದ ಸ್ಟ್ಯಾಂಡುಗಳಲ್ಲಿ ತೂಕದ ಕಂಬಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ನಲವತ್ತು, ಐವತ್ತು ಡಿಗ್ರಿಯ ದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ವಸ್ತು ಅದು. ನಮ್ಮ ತಾರಸಿಗೆ ಮೊದಲ ಟೆಲಿಸ್ಕೋಪಾಗಿ ನಾನು ಅದನ್ನು ಹೇಳುವುದಿಲ್ಲ.

ನಾನು ಹೇಳುವುದು ಡಾಬ್ಸೋನಿಯನ್. ಇದರ ಕಥೆಗೆ ನಮಗೂ ನಂಟಿದೆ. ಜಾನ್ ಡಾಬ್ಸನ್ 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು. ರಾಮಕೃಷ್ಣ ಪರಂಪರೆಯ ಸನ್ಯಾಸಿ ಬದುಕು. ಇಪ್ಪತ್ತಮೂರು ವರ್ಷ ಅಲ್ಲಿದ್ದರು. ಕೈಯಲ್ಲಿ ಕಾಸಿಲ್ಲ. ಹಳೇ ಹಡಗಿನ ದುಂಡು ಕಿಟಕಿಯ ಗಾಜು ತಂದು, ಮರಳಿನಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ಡಿನ ಪೆಟ್ಟಿಗೆ. ಆ ಟೆಲಿಸ್ಕೋಪನ್ನು ಬೀದಿಗೆ ಎಳೆದು ತಂದು, ದಾರಿಯಲ್ಲಿ ಹೋಗುವವರನ್ನು ಕರೆದು ಶನಿಯನ್ನು ತೋರಿಸುತ್ತಿದ್ದರು. ಈ ಓಡಾಟದಿಂದಲೇ 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೂ ಬೀದಿಯಲ್ಲಿ ತೋರಿಸುವುದನ್ನು ಬಿಡಲಿಲ್ಲ. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರು. 2014ರಲ್ಲಿ ತೀರಿಕೊಂಡರು. ಇವತ್ತು ಮಧ್ಯಮ ವರ್ಗದ ಮನೆಗೆ ದೊಡ್ಡ ಕನ್ನಡಿ ಎಟುಕುವಂತಾಗಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಡಾಬ್ಸೋನಿಯನ್ ಅಂದರೆ ಬೇರೇನಿಲ್ಲ. ನ್ಯೂಟನ್ನನ ಕನ್ನಡಿಯ ಕೊಳವೆ, ಅದನ್ನು ಹೊತ್ತ ಒಂದು ತೊಟ್ಟಿಲು. ಮೇಲೆ ಕೆಳಗೆ ಆಡುತ್ತದೆ, ಬೀಸುವ ಕಲ್ಲಿನ ಹಾಗೆ ಸುತ್ತಲೂ ತಿರುಗುತ್ತದೆ. ನೆಲಕ್ಕೆ ಅಂಟಿ ಕೂರುವುದರಿಂದ ನಡುಗುವುದಿಲ್ಲ. ದೂಡಿದಷ್ಟು ಸರಿಯುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಒಂದು ನಿಮಿಷದಲ್ಲಿ ಕಲಿಸಬಹುದು.

ಬೆಲೆಯ ಮಾತು. ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಇದನ್ನು ಅಂದಾಜು ಅಂತಲೇ ಓದಿಕೊಳ್ಳಿ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ 114 ಅಥವಾ 130 ಮಿ.ಮೀ.ನ ಮೇಜಿನ ಮೇಲಿಡುವ ಪುಟ್ಟ ಡಾಬ್ಸೋನಿಯನ್ ಹುಡುಕಿ. ಗಟ್ಟಿ ಸ್ಟೂಲು ಅಥವಾ ತಾರಸಿಯ ಕಟ್ಟೆ ಇದ್ದರೆ ಸಾಕು. ಮೂವತ್ತೈದು ಸಾವಿರಕ್ಕೂ ಮೇಲೆ ಕೂಡಿಟ್ಟರೆ 150 ಮಿ.ಮೀ. ಅದಕ್ಕೂ ಹೆಚ್ಚು ಇದ್ದರೆ 200 ಮಿ.ಮೀ. ಆದರೆ ಕೊಳ್ಳುವ ಮೊದಲು ಒಮ್ಮೆ ಎತ್ತಿ ನೋಡಿ. 200ರದ್ದು ಒಟ್ಟು ಇಪ್ಪತ್ತು ಕೆ.ಜಿ. ದಾಟುತ್ತದೆ. ಮೂರು ಮಹಡಿ ಹೊತ್ತು ಹತ್ತಬೇಕಾದರೆ ಎರಡನೇ ತಿಂಗಳಿಗೆ ಬೇಸರ ಬರುತ್ತದೆ. ನಾನು 150ಕ್ಕೇ ನಿಂತೆ. ಮೆಟ್ಟಿಲ ಕೆಳಗಿನ ಜಾಗದಲ್ಲಿ ಕೂರುತ್ತದೆ, ಎರಡು ಸಲಕ್ಕೆ ಮೇಲೆ ಬರುತ್ತದೆ.

ಒಂದು ಎಚ್ಚರಿಕೆ ಮಾತ್ರ ಖಂಡಿತ ನೆನಪಿಡಿ. ಕನ್ನಡಿಯ ಟೆಲಿಸ್ಕೋಪಿನ ಕೊಳವೆ ಒಂದೂವರೆ ಅಡಿ ಉದ್ದ ಇದ್ದು, ಸಂಗಮದೂರ 1000 ಮಿ.ಮೀ. ಅಂತ ಬರೆದಿದ್ದರೆ ಬಿಟ್ಟುಬಿಡಿ. ಅಗ್ಗದ ಗುಂಡು ಕನ್ನಡಿ ಹಾಕಿ, ಒಳಗೊಂದು ಲೆನ್ಸು ತುರುಕಿ ಉದ್ದ ಮಾಡಿರುತ್ತಾರೆ. ಅದನ್ನು ನೇರ ಮಾಡುವುದೂ ಕಷ್ಟ, ಅದರಲ್ಲಿ ಚಿತ್ರ ಚೂಪಾಗುವುದೂ ಕಷ್ಟ.

ಐಪೀಸ್ ಎರಡು ಸಾಕು. 25 ಮಿ.ಮೀ. ಒಂದು, 10 ಮಿ.ಮೀ. ಒಂದು. ನನ್ನ ಟೆಲಿಸ್ಕೋಪಿನ ಸಂಗಮದೂರ 1200. ಹಾಗಾಗಿ 48 ಪಟ್ಟು ಮತ್ತು 120 ಪಟ್ಟು. ವರ್ಷಗಟ್ಟಲೆ ನೋಡಲು ಇಷ್ಟು ಸಾಲದಾ? ಐಪೀಸಿನ ಮೇಲೆ 'ಎಸ್ಆರ್ 4' ಅಥವಾ 'ಎಚ್ 20' ಅಂತ ಇದ್ದರೆ ಅದು ಹಳೇ ಅಗ್ಗದ ಬಗೆ, ಸಣ್ಣ ತೂತಿನಲ್ಲಿ ಇಣುಕಿದಂತೆ ಇರುತ್ತದೆ. 'ಪ್ಲೋಸಲ್' ಅಂತ ಇದ್ದರೆ ಒಳ್ಳೆಯದು. ಗುರಿ ಹಿಡಿಯಲು ಕೊಳವೆಯ ಮೇಲೆ ಒಂದು ಕೆಂಪು ಚುಕ್ಕಿಯ ಫೈಂಡರ್ ಇರಲಿ. ಅದನ್ನು ಹಗಲಲ್ಲೇ ದೂರದ ಟವರಿಗೆ ಹೊಂದಿಸಿಕೊಳ್ಳಿ. ರಾತ್ರಿ ಮಾಡಲು ಹೋದರೆ ಅದೇ ಒಂದು ಗಂಟೆ ತಿನ್ನುತ್ತದೆ. ತಾವೇ ಹುಡುಕಿ ಫೋನಿಗೆ ಚಿತ್ರ ಕಳಿಸುವ ಸ್ಮಾರ್ಟ್ ಟೆಲಿಸ್ಕೋಪುಗಳೂ ಬಂದಿವೆ. ಅವು ಈ ಬಜೆಟ್ಟಿನವಲ್ಲ, ಬಿಡಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಡಿ. ಲೆನ್ಸಿನೊಳಗೆ ಟಾರ್ಚು ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಕಡೆ ಇದು ಸಾಮಾನ್ಯ. ನಿಮ್ಮದನ್ನೂ ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಿಡಿ. ಕನ್ನಡಿಯ ಮೇಲೆ ಒಂದಿಷ್ಟು ಧೂಳಿದ್ದರೆ ಏನೂ ಆಗುವುದಿಲ್ಲ. ಸೆರಗಿನಿಂದಲೋ ಟವೆಲಿನಿಂದಲೋ ಒರೆಸಿದರೆ ಮಾತ್ರ ಲೇಪನಕ್ಕೆ ಗೀರು ಬಿದ್ದು ಹೋಗುತ್ತದೆ. ಸೊಳ್ಳೆ ಕ್ರೀಮು ಹಚ್ಚಿದ ಕೈಯಲ್ಲಿ ಗಾಜು ಮುಟ್ಟಬೇಡಿ.

ಕೊಳ್ಳುವ ಮೊದಲು ಬೇರೆಯವರ ಟೆಲಿಸ್ಕೋಪಿನಲ್ಲಿ ಒಮ್ಮೆ ನೋಡಿಬಿಡಿ. ಬೆಂಗಳೂರಿನ ನೆಹರು ತಾರಾಲಯದಂಥ ಕಡೆ ಆಕಾಶ ವೀಕ್ಷಣೆ ಏರ್ಪಡಿಸುತ್ತಾರೆ. ಹವ್ಯಾಸಿಗಳ ಕೂಟಗಳೂ ಇವೆ. ತಮ್ಮ ಟೆಲಿಸ್ಕೋಪನ್ನು ತೋರಿಸಲು ಬೇಸರಪಟ್ಟುಕೊಳ್ಳುವ ಹವ್ಯಾಸಿಯನ್ನು ನಾನಂತೂ ಈವರೆಗೆ ಕಂಡಿಲ್ಲ.

ತಾರಸಿಯ ಬಿಸಿ, ಸೂರ್ಯನ ಅಪಾಯ

ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಉಗುಳುತ್ತದೆ. ಆ ಬಿಸಿಗಾಳಿಯ ಮೂಲಕ ನೋಡಿದರೆ ಗುರು ನೀರಿನೊಳಗೆ ಬಿದ್ದ ನಾಣ್ಯದಂತೆ ಅಲುಗುತ್ತಾನೆ. ಟೆಲಿಸ್ಕೋಪು ಕೆಟ್ಟಿದೆ ಅಂದುಕೊಳ್ಳಬೇಡಿ. ಒಂಬತ್ತೂವರೆ, ಹತ್ತರ ಮೇಲೆ ನೋಡಿ. ಅಂಗಳದ ಮಣ್ಣು, ಹುಲ್ಲು ಇದ್ದರೆ ಅದು ತಾರಸಿಗಿಂತ ಮೇಲು. ಕನ್ನಡಿಯೂ ಹೊರಗಿನ ಚಳಿಗೆ ಹೊಂದಿಕೊಳ್ಳಬೇಕು. ಊಟಕ್ಕೆ ಕೂರುವ ಮೊದಲೇ ಮೇಲೆ ಇಟ್ಟು ಬನ್ನಿ.

ಊರಿನ ಬೆಳಕಿಗೆ ಹೆದರಿ ಸುಮ್ಮನಾಗಬೇಡಿ. ಚಂದ್ರ, ಗ್ರಹ, ಜೋಡಿ ನಕ್ಷತ್ರಗಳನ್ನು ಬೀದಿ ದೀಪ ಕೆಡಿಸುವುದಿಲ್ಲ. ಕೆಡುವುದು ಗ್ಯಾಲಕ್ಸಿ ಮತ್ತು ನೆಬುಲಾಗಳು (ಅನಿಲ, ಧೂಳಿನ ಮೋಡಗಳು). ಅವಕ್ಕೆ ಹಳ್ಳಿ ಕಡೆ ಹೋದಾಗ ಬೈನಾಕ್ಯುಲರ್ ಚೀಲದಲ್ಲಿರಲಿ. ಗ್ರಹಗಳ ವಿಷಯದಲ್ಲಂತೂ ನಾವು ಪುಣ್ಯವಂತರು. ಅವು ನಮ್ಮಲ್ಲಿ ನೆತ್ತಿಯ ಹತ್ತಿರ ಹಾದು ಹೋಗುತ್ತವೆ, ಅಡ್ಡ ಬರುವ ಗಾಳಿಯ ಪದರ ತೆಳು.

ಸೂರ್ಯನನ್ನು ಮಾತ್ರ ಯಾವ ಕಾರಣಕ್ಕೂ ಇವುಗಳಲ್ಲಿ ನೇರವಾಗಿ ನೋಡಬಾರದು. ಒಂದು ಕ್ಷಣ ಸಾಕು, ಕಣ್ಣು ಶಾಶ್ವತವಾಗಿ ಹೋಗುತ್ತದೆ, ನೋವೂ ಗೊತ್ತಾಗುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ ಆಯಿತಲ್ಲ, ಅಂಥ ದಿನಕ್ಕೆ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಪೂರ್ತಿ ಮುಚ್ಚುವ ಸೋಲಾರ್ ಫಿಲ್ಟರ್ ಬೇಕು. ಕೆಲವು ಅಗ್ಗದ ಡಬ್ಬಗಳಲ್ಲಿ ಐಪೀಸಿಗೆ ತಿರುಗಿಸುವ ಪುಟ್ಟ ಕಪ್ಪು ಗಾಜು ಕೊಡುತ್ತಾರೆ. ಕೂಡಿಕೊಂಡ ಬಿಸಿಗೆ ಅದು ಸೀಳುತ್ತದೆ. ಸಿಕ್ಕಿದ ದಿನವೇ ಒಡೆದು ಬಿಸಾಡಿ. ಮಕ್ಕಳಿರುವ ಮನೆಯಲ್ಲಿ ಹಗಲು ಹೊತ್ತು ಟೆಲಿಸ್ಕೋಪನ್ನು ಹೊರಗೆ ಬಿಡಬೇಡಿ.

ಮತ್ತೆ, ಏನು ಕಾಣುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ಡಬ್ಬದ ಮೇಲಿನ ಬಣ್ಣದ ಚಿತ್ರಗಳು ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ. ಮಹಾವ್ಯಾಧನ ನಡುಪಟ್ಟಿಯ ಕೆಳಗಿನ ನೆಬುಲಾ ಬೂದು ಬಣ್ಣದ ರೆಕ್ಕೆಯಂತೆ ಕಾಣುತ್ತದೆ. ಆದರೆ ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,350 ವರ್ಷವಾಗಿದೆ. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟದ್ದು ಈಗ ನಿಮ್ಮ ಕಣ್ಣೊಳಗೆ ಬಂತು. ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ, ಚಪ್ಪಟೆಯಾಗಿರುತ್ತಾನೆ. ಅಷ್ಟಮಿಯ ಆಸುಪಾಸಿನಲ್ಲಿ ನೋಡಿ. ಕತ್ತಲು ಬೆಳಕಿನ ಗಡಿಯಲ್ಲಿ ಒಂದೊಂದು ಕುಳಿಯ ನೆರಳೂ ಉದ್ದಕ್ಕೆ ಚಾಚಿರುತ್ತದೆ. ಶನಿ ಚಿಕ್ಕದಾಗಿ ಕಾಣುತ್ತಾನೆ, ಆದರೆ ಉಂಗುರ ಸ್ಪಷ್ಟ. 2025ರ ಮಾರ್ಚಿನಲ್ಲಿ ಆ ಉಂಗುರ ನಮಗೆ ಅಂಚು ತಿರುಗಿಸಿತ್ತು. ಈಗ ವರ್ಷದಿಂದ ವರ್ಷಕ್ಕೆ ಬಿಚ್ಚಿಕೊಳ್ಳುತ್ತಿದೆ.

ಹೋದ ಏಪ್ರಿಲಿನಲ್ಲಿ ಅಮ್ಮ ಮತ್ತೆ ಮೆಟ್ಟಿಲು ಹತ್ತಿದರು. ಉತ್ತರದಲ್ಲಿ ಸಪ್ತರ್ಷಿ ಮಂಡಲ ಚೆನ್ನಾಗಿ ಮೇಲೆ ಬಂದಿತ್ತು. ಅವರ ಮದುವೆಯಲ್ಲಿ ಪುರೋಹಿತರು ಉರಿಬಿಸಿಲಿನಲ್ಲಿ ಆಕಾಶ ತೋರಿಸಿ "ಅರುಂಧತಿ ಕಾಣಿಸ್ತಾಮ್ಮಾ?" ಅಂತ ಕೇಳಿದ್ದರಂತೆ. ಅಮ್ಮ "ಹೂಂ, ಕಾಣಿಸ್ತು" ಅಂದಿದ್ದರಂತೆ. ನಾನು ಕುರ್ಚಿ ಹಾಕಿ ಕೂರಿಸಿ, ಬೈನಾಕ್ಯುಲರ್ ಕೊಟ್ಟು, ಬಾಲದಿಂದ ಎರಡನೆಯದಕ್ಕೆ ಗುರಿ ಹಿಡಿಸಿದೆ. ವಸಿಷ್ಠನ ಪಕ್ಕದಲ್ಲಿ ಪುಟ್ಟದಾಗಿ ಅರುಂಧತಿ. ಆಮೇಲೆ ಮಗಳು ಟೆಲಿಸ್ಕೋಪನ್ನು ಅಲ್ಲಿಗೆ ತಿರುಗಿಸಿ 25ರ ಐಪೀಸ್ ಹಾಕಿದಳು. 48 ಪಟ್ಟಿನಲ್ಲಿ ವಸಿಷ್ಠನೇ ಎರಡಾಗಿ ಬಿಡಿಸಿಕೊಂಡಿದ್ದ, ಅಂಟಿಕೊಂಡಂತೆ ಎರಡು ಬಿಳಿ ಚುಕ್ಕಿ, ಸ್ವಲ್ಪ ದೂರದಲ್ಲಿ ಅರುಂಧತಿ. ಅಮ್ಮ ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. ನಕ್ಷತ್ರ ನಿಧಾನವಾಗಿ ಅಂಚಿಗೆ ಸರಿದು ಮರೆಯಾದಾಗ, ಮಗಳನ್ನು ಕರೆದು, "ಹೋಯ್ತಲ್ಲೇ, ಇನ್ನೊಂದ್ಸಲ ಹಿಡಿದುಕೊಡು" ಅಂದರು.